ಯಾವ ಅಂಕಿ ಯಾವುದರದ್ದು? ಕಾರ್ಲ್ ಗೌಸ್ ಬದುಕು ಮತ್ತು ಗುಣಾಂಕಗಳ ವಿಳಾಸ

ಕಾರ್ಲ್ ಫ್ರೀಡ್ರಿಕ್ ಗೌಸ್ ಎಂಬ ಹೆಸರು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಕಥೆ. ಮೇಷ್ಟರು ಮಕ್ಕಳನ್ನು ಸುಮ್ಮನಿರಿಸಲು 1ರಿಂದ 100ರವರೆಗಿನ ಸಂಖ್ಯೆಗಳನ್ನು ಕೂಡಿ ಎಂದರಂತೆ. ಪುಟ್ಟ ಗೌಸ್ ಕ್ಷಣಾರ್ಧದಲ್ಲಿ 5050 ಎಂದು ಬರೆದಿಟ್ಟನಂತೆ. ಈ ಕಥೆಯಲ್ಲಿ ನಿಜ ಎಷ್ಟು ಎನ್ನುವುದನ್ನು ಮುಂದೆ ನೋಡೋಣ. ಆದರೆ ಗೌಸ್ ಇಂದಿಗೂ ನಮ್ಮ ದಿನನಿತ್ಯದ ಬದುಕಿನಲ್ಲಿ ಉಳಿದುಕೊಂಡಿರುವುದು ಆ ಕಥೆಯಿಂದಲ್ಲ.

ಮನೆ ಬೆಲೆ ಅಂದಾಜಿಸುವ ಜಾಲತಾಣ, ಬೆಳೆಯ ಇಳುವರಿ ಊಹಿಸುವ ಲೆಕ್ಕ, ಕಾಯಿಲೆಯ ಅಪಾಯ ಅಳೆಯುವ ತಂತ್ರಾಂಶ ಇಂಥ ಕಡೆಗಳಲ್ಲೆಲ್ಲ 'ರಿಗ್ರೆಷನ್' ಎಂಬ ವಿಧಾನ ಕೆಲಸ ಮಾಡುತ್ತಿರುತ್ತದೆ. ನಮಗೆ ಗೊತ್ತಿರುವ ಹಲವು ಲಕ್ಷಣಗಳಿಂದ ಗೊತ್ತಿಲ್ಲದ ಒಂದು ಮೊತ್ತವನ್ನು ಅಂದಾಜಿಸುವುದು ಇದರ ಕೆಲಸ. ಪ್ರತಿ ಲಕ್ಷಣಕ್ಕೂ ಕಂಪ್ಯೂಟರ್ ಒಂದು ಗುಣಾಂಕವನ್ನು ಕಂಡುಹಿಡಿಯುತ್ತದೆ. ಉಳಿದದ್ದೆಲ್ಲ ಇದ್ದ ಹಾಗೇ ಇದ್ದು, ಆ ಲಕ್ಷಣವೊಂದೇ ಒಂದು ಘಟಕದಷ್ಟು ಹೆಚ್ಚಾದರೆ ಅಂದಾಜು ಎಷ್ಟು ಬದಲಾಗುತ್ತದೆ ಎನ್ನುವುದನ್ನು ಗುಣಾಂಕ ಹೇಳುತ್ತದೆ.

ತೊಡಕು ಶುರುವಾಗುವುದು ಇಲ್ಲಿಂದ ಮುಂದೆ. ಅನೇಕ ತಂತ್ರಾಂಶಗಳು ಈ ಗುಣಾಂಕಗಳನ್ನು ಹೆಸರಿಲ್ಲದ ಸಂಖ್ಯೆಗಳ ಸಾಲಾಗಿ ಕೊಟ್ಟು ಸುಮ್ಮನಾಗುತ್ತವೆ. 0.5, 0.3, 1.2 ಎಂದು ಪರದೆಯ ಮೇಲೆ ಕಾಣುತ್ತದೆ. ಇವುಗಳಲ್ಲಿ ವಯಸ್ಸಿನದು ಯಾವುದು, ತೂಕದ್ದು ಯಾವುದು, ಉಪ್ಪಿನದು ಯಾವುದು? ಅದನ್ನು ಹೊಂದಿಸಿಕೊಳ್ಳುವ ಹೊಣೆ ನಮ್ಮದು. ಇಲ್ಲಿ ತಪ್ಪಿದರೆ ಲೆಕ್ಕ ಸರಿಯಾಗಿದ್ದರೂ ಅದರಿಂದ ನಾವು ತೆಗೆಯುವ ತೀರ್ಮಾನ ಪೂರ್ತಿ ತಲೆಕೆಳಗಾಗಬಹುದು.

ಈ ಲೆಕ್ಕದ ಬೆನ್ನೆಲುಬಾದ ಕನಿಷ್ಠ ವರ್ಗ ವಿಧಾನವನ್ನು ಕಟ್ಟಿದವರಲ್ಲಿ ಗೌಸ್ ಪ್ರಮುಖ. 'ರಿಗ್ರೆಷನ್' ಎಂಬ ಹೆಸರು ಅವನದಲ್ಲ; ಅದು ಬಂದದ್ದು ಗೌಸ್ ತೀರಿಕೊಂಡ ಎಷ್ಟೋ ವರ್ಷಗಳ ನಂತರ, ಫ್ರಾನ್ಸಿಸ್ ಗಾಲ್ಟನ್ ಎಂಬಾತ ತಂದೆತಾಯಿ ಮತ್ತು ಮಕ್ಕಳ ಎತ್ತರದ ಬಗ್ಗೆ ನಡೆಸಿದ ಅಧ್ಯಯನದಿಂದ. ಯಾವ ಅಂಕಿ ಯಾವುದರದ್ದು ಎನ್ನುವ ಗುರುತು ಲೆಕ್ಕದ ಮಧ್ಯೆ ಎಲ್ಲಿಯೂ ಕಳೆದುಹೋಗದಂತೆ ನೋಡಿಕೊಳ್ಳುವುದರಲ್ಲಿ ಮಾತ್ರ ಗೌಸ್ ಬದುಕು ನಮಗೆ ಒಳ್ಳೆಯ ಪಾಠ.

ತಾಯಿಗೆ ನೆನಪಿದ್ದ ಬುಧವಾರ

ಗೌಸ್ ಹುಟ್ಟಿದ್ದು ಇಂದಿನ ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ, 1777ರಲ್ಲಿ. ತಂದೆ ಗೆಬ್‌ಹಾರ್ಡ್ ಗಾರೆ ಕೆಲಸ, ತೋಟದ ಕೆಲಸ ಹೀಗೆ ಸಿಕ್ಕಿದ್ದನ್ನು ಮಾಡಿ ಸಂಸಾರ ಸಾಗಿಸುತ್ತಿದ್ದ. ತಾಯಿ ಡೊರೊಥಿಯಾಗೆ ಓದುಬರಹ ಬರುತ್ತಿರಲಿಲ್ಲ. ಮಗ ಹುಟ್ಟಿದ ತಾರೀಖನ್ನು ಆಕೆ ಬರೆದಿಡಲಿಲ್ಲ. ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮೊದಲಿನ ಬುಧವಾರ ಎನ್ನುವುದಷ್ಟೇ ಆಕೆಗೆ ನೆನಪಿತ್ತು. ನಮ್ಮ ಅಜ್ಜಿಯರು ಯುಗಾದಿಗೆ ಮುಂಚೆ, ಗೌರಿ ಹಬ್ಬ ಕಳೆದ ಮೇಲೆ ಎಂದು ಮಕ್ಕಳ ಹುಟ್ಟನ್ನು ನೆನಪಿಟ್ಟುಕೊಳ್ಳುತ್ತಿದ್ದ ಹಾಗೆ.

ಆ ಹಬ್ಬ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುತ್ತದೆ. ಅದು ಈಸ್ಟರ್ ಭಾನುವಾರವಾಗಿ 39 ದಿನಗಳಿಗೆ ಬರುವ ಗುರುವಾರ. ಈಸ್ಟರ್ ಯಾವಾಗ ಎನ್ನುವುದು ಚಂದ್ರನ ಲೆಕ್ಕದ ಮೇಲೆ ನಿಂತಿದೆ. ಬೆಳೆದು ದೊಡ್ಡವನಾದ ಗೌಸ್ ಯಾವುದೇ ವರ್ಷದ ಈಸ್ಟರ್ ದಿನವನ್ನು ಕಂಡುಹಿಡಿಯುವ ಸೂತ್ರವೊಂದನ್ನು 1800ರಲ್ಲಿ ಪ್ರಕಟಿಸಿದ. ವರ್ಷವನ್ನು ಕೆಲವು ಸಣ್ಣ ಸಂಖ್ಯೆಗಳಿಂದ ಭಾಗಿಸಿ, ಬಂದ ಒಂದೊಂದು ಶೇಷಕ್ಕೂ ಒಂದೊಂದು ಅಕ್ಷರ ಕೊಟ್ಟು, ಅಕ್ಷರಗಳ ಮೂಲಕವೇ ಲೆಕ್ಕ ಮುಂದುವರಿಸುವ ಸೂತ್ರ ಅದು. 1777ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 30ಕ್ಕೆ. ಅಲ್ಲಿಂದ 39 ದಿನ ಎಣಿಸಿದರೆ ಮೇ 8. ಅದಕ್ಕೆ ಎಂಟು ದಿನ ಮೊದಲು ಏಪ್ರಿಲ್ 30, ಬುಧವಾರ. ಇದೇ ಗೌಸ್ ಹುಟ್ಟಿದ ದಿನ.

ಶಾಲೆಯ ಕಥೆ ಎಷ್ಟು ನಿಜ?

ಶಾಲೆಯಲ್ಲಿ ಬ್ಯೂಟ್ನರ್ ಎಂಬ ಮೇಷ್ಟರು ಇದ್ದದ್ದು ನಿಜ. ಹುಡುಗ ಗೌಸ್ ಉದ್ದನೆಯ ಕೂಡುವ ಲೆಕ್ಕವೊಂದನ್ನು ಎಲ್ಲರಿಗಿಂತ ಮೊದಲೇ ಮುಗಿಸಿ ಬಳಪದ ಹಲಗೆಯನ್ನು ಮೇಜಿನ ಮೇಲಿಟ್ಟನೆಂಬ ಕಥೆಯನ್ನು ಗೌಸ್ ತನ್ನ ಮುಪ್ಪಿನಲ್ಲಿ ಹೇಳಿಕೊಳ್ಳುತ್ತಿದ್ದ. ಅವನ ಸ್ನೇಹಿತ ವಾಲ್ಟರ್ಸ್‌ಹೌಸೆನ್ 1856ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಅದು ಇದೆ. ಆದರೆ ಅಲ್ಲಿ 1ರಿಂದ 100 ಎಂಬ ಮಾತಿಲ್ಲ. ಆ ಅಂಕಿಗಳು ನಂತರ ಬರೆದವರ ಸೇರ್ಪಡೆ.

ಆ ಶಾಲೆಯಲ್ಲಿ ಗೌಸ್‌ಗೆ ಸಿಕ್ಕ ದೊಡ್ಡ ಲಾಭ ಸಹಾಯಕ ಶಿಕ್ಷಕ ಮಾರ್ಟಿನ್ ಬಾರ್ಟೆಲ್ಸ್. ಗೌಸ್‌ಗಿಂತ ಕೆಲವೇ ವರ್ಷ ದೊಡ್ಡವನಾದ ಬಾರ್ಟೆಲ್ಸ್ ಹುಡುಗನ ಜೊತೆ ಕೂತು ಗಣಿತ ಓದಿದ. ಬಡ ಮನೆಯ ಹುಡುಗನ ಪ್ರತಿಭೆಯ ಸುದ್ದಿ ಬ್ರೌನ್‌ಶ್ವೈಗ್‌ನ ಡ್ಯೂಕ್ ಕಾರ್ಲ್ ವಿಲ್‌ಹೆಲ್ಮ್ ಫರ್ಡಿನಾಂಡನವರೆಗೂ ಮುಟ್ಟಿತು. ಡ್ಯೂಕ್ ಕೊಟ್ಟ ಹಣದಿಂದಲೇ ಗೌಸ್ ಓದು ಮುಂದುವರಿದು, 1795ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯ ಸೇರಿದ. ಮರುವರ್ಷ, ಇನ್ನೂ 19 ತುಂಬುವ ಮೊದಲೇ, ಬರಿಯ ಅಳತೆಪಟ್ಟಿ ಮತ್ತು ಕೈವಾರದಿಂದ 17 ಬಾಹುಗಳ ಸಮಬಹುಭುಜ ರಚಿಸಬಹುದೆಂದು ಸಾಧಿಸಿ ತೋರಿಸಿದ. ಎರಡು ಸಾವಿರ ವರ್ಷಗಳಿಂದ ಯಾರೂ ಮುಟ್ಟದಿದ್ದ ಪ್ರಶ್ನೆ ಅದು. ಸಂಖ್ಯಾ ಸಿದ್ಧಾಂತದ ಕುರಿತ ಅವನ ಮಹಾಗ್ರಂಥ 1801ರಲ್ಲಿ ಹೊರಬಂತು. ಆದರೆ ಅದೇ ವರ್ಷ ಅವನ ಹೆಸರು ಯುರೋಪಿನ ಮನೆಮಾತಾದದ್ದು ಆಕಾಶದಲ್ಲಿ ನಡೆದ ಬೇರೊಂದು ಘಟನೆಯಿಂದ.

ಆರು ಸಂಖ್ಯೆಗಳಲ್ಲಿ ಸಿಕ್ಕಿಬಿದ್ದ ಸೀರಿಸ್

1801ರ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೊದಲ್ಲಿ ಜ್ಯುಸೆಪ್ಪೆ ಪಿಯಾಜ್ಜಿ ಎಂಬ ಖಗೋಳಜ್ಞ ನಕ್ಷತ್ರಗಳ ನಡುವೆ ಮೆಲ್ಲಗೆ ಸರಿಯುತ್ತಿದ್ದ ಮಸುಕಾದ ಕಾಯವೊಂದನ್ನು ಕಂಡ. ಅದಕ್ಕೆ ಸೀರಿಸ್ ಎಂದು ಹೆಸರಾಯಿತು. ಪಿಯಾಜ್ಜಿ ಫೆಬ್ರವರಿ 11ರವರೆಗೆ ಅದನ್ನು ಗಮನಿಸಿದ. ಅಷ್ಟರಲ್ಲಿ ಅವನಿಗೆ ಕಾಯಿಲೆಯಾಯಿತು, ಸೀರಿಸ್ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಆಮೇಲೆ ಎಲ್ಲಿ ಹುಡುಕುವುದು? ಕೈಯಲ್ಲಿದ್ದದ್ದು 41 ದಿನಗಳ ವೀಕ್ಷಣೆ, ಆಕಾಶದ ಒಂದು ಪುಟ್ಟ ತುಣುಕು.

24 ವರ್ಷದ ಗೌಸ್ ಈ ಲೆಕ್ಕಕ್ಕೆ ಕೈಹಾಕಿದ. ಸೂರ್ಯನ ಸುತ್ತ ಸುತ್ತುವ ಕಾಯದ ದಾರಿಯನ್ನು ಗುರುತಿಸಲು ಆರು ಸಂಖ್ಯೆಗಳು ಬೇಕು. ಕಕ್ಷೆ ಎಷ್ಟು ದೊಡ್ಡದು, ಎಷ್ಟು ಚಪ್ಪಟೆ, ಭೂಮಿಯ ಕಕ್ಷೆಯ ತಲಕ್ಕೆ ಎಷ್ಟು ಓರೆ, ಆ ತಲವನ್ನು ಯಾವ ದಿಕ್ಕಿನಲ್ಲಿ ದಾಟುತ್ತದೆ, ಸೂರ್ಯನಿಗೆ ಅತಿ ಸಮೀಪ ಬರುವ ಬಿಂದು ಯಾವ ಕಡೆಗಿದೆ, ಒಂದು ನಿಗದಿತ ಹೊತ್ತಿನಲ್ಲಿ ಕಾಯ ತನ್ನ ದಾರಿಯಲ್ಲಿ ಎಲ್ಲಿದೆ. ಮೊದಲೆರಡು ಬಿಟ್ಟರೆ ಉಳಿದ ನಾಲ್ಕೂ ಕೋನಗಳು. ಎಲ್ಲವನ್ನೂ ಡಿಗ್ರಿಗಳಲ್ಲೇ ಬರೆಯುವುದು.

ಇಂದಿನ ಲೆಕ್ಕದ ಪ್ರಕಾರ ಸೀರಿಸ್ ತಲವನ್ನು ದಾಟುವ ದಿಕ್ಕಿನ ಕೋನ ಸುಮಾರು 80 ಡಿಗ್ರಿ, ಸಮೀಪ ಬಿಂದುವಿನ ಕೋನ ಸುಮಾರು 73 ಡಿಗ್ರಿ. ಯಾರಾದರೂ ಕಣ್ತಪ್ಪಿ ಎರಡನ್ನೂ ಅದಲುಬದಲು ಮಾಡಿದರೆ ಅಂಕಿಗಳನ್ನು ನೋಡಿ ಅನುಮಾನ ಬರುವಂತೆಯೇ ಇಲ್ಲ. ಎರಡೂ ಕೋನಗಳೇ, ಎರಡೂ ಹೆಚ್ಚು ಕಡಿಮೆ ಒಂದೇ ಅಳತೆಯವು. ಆದರೆ ಅದು ಬೇರೆಯೇ ಕಕ್ಷೆ. ದೂರದರ್ಶಕ ಖಾಲಿ ಆಕಾಶವನ್ನು ನೋಡುತ್ತಿರುತ್ತದೆ.

ಗೌಸ್ ಲೆಕ್ಕ ಹಾಕಿ ಹೇಳಿದ ಜಾಗ ಉಳಿದವರ ಊಹೆಗಳಿಗಿಂತ ಬಹಳ ಬೇರೆಯಾಗಿತ್ತು. 1801ರ ಡಿಸೆಂಬರ್ ಕೊನೆಯಲ್ಲಿ ಫ್ರಾನ್ಸ್ ಫಾನ್ ಜಾಕ್, ಅದರ ಬೆನ್ನಿಗೇ ಹೈನ್‌ರಿಖ್ ವಿಲ್‌ಹೆಲ್ಮ್ ಓಲ್ಬರ್ಸ್ ಸೀರಿಸನ್ನು ಗೌಸ್ ಹೇಳಿದ ಜಾಗದ ಸಮೀಪದಲ್ಲೇ ಮತ್ತೆ ಕಂಡರು.

ಇಲ್ಲೊಂದು ತಪ್ಪು ಕಲ್ಪನೆಯೂ ಚಾಲ್ತಿಯಲ್ಲಿದೆ. ಗೌಸ್ ಕನಿಷ್ಠ ವರ್ಗ ವಿಧಾನ ಒಂದರಿಂದಲೇ ಸೀರಿಸನ್ನು ಹುಡುಕಿದ ಎಂದು ಹಲವೆಡೆ ಬರೆಯುತ್ತಾರೆ. ಮೊದಲ ಕಕ್ಷೆಯನ್ನು ಹಿಡಿಯಲು ಅವನು ಬಳಸಿದ್ದು ಮೂರು ವೀಕ್ಷಣೆಗಳನ್ನು ಆರಿಸಿಕೊಂಡು ಮಾಡುವ ಬೇರೆ ಜಾಣ್ಮೆಯ ಲೆಕ್ಕ. ಕನಿಷ್ಠ ವರ್ಗ ವಿಧಾನದ ನಿಜವಾದ ಉಪಯೋಗ ಬೇರೆ: ವೀಕ್ಷಣೆಗಳು ಹೆಚ್ಚಾಗಿ, ಒಂದಕ್ಕೊಂದು ಪೂರ್ತಿ ಹೊಂದದೇ ಇದ್ದಾಗ, ಎಲ್ಲಕ್ಕೂ ಒಟ್ಟಾರೆ ಹತ್ತಿರವಾಗುವ ಉತ್ತರವನ್ನು ಆರಿಸುವುದು. ಪ್ರತಿ ವೀಕ್ಷಣೆಯಲ್ಲಿ ಉಳಿಯುವ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿದಾಗ ಬರುವ ಮೊತ್ತ ಅತಿ ಕಡಿಮೆ ಆಗಬೇಕು ಎನ್ನುವುದೇ ಅದರ ನಿಯಮ.

ಈ ವಿಧಾನ ಯಾರದ್ದು ಎಂಬ ಜಗಳವೂ ನಡೆಯಿತು. ಇದನ್ನು ಮೊದಲು ಅಚ್ಚು ಹಾಕಿಸಿ ಹೆಸರಿಟ್ಟವನು ಫ್ರಾನ್ಸಿನ ಲೆಜಾಂಡ್ರ್, 1805ರಲ್ಲಿ, ಧೂಮಕೇತುಗಳ ಕಕ್ಷೆಯ ಬಗ್ಗೆ ಬರೆದ ಪುಸ್ತಕದಲ್ಲಿ. ಗೌಸ್ ತನ್ನ ವಿವರಣೆಯನ್ನು ಪ್ರಕಟಿಸಿದ್ದು 1809ರಲ್ಲಿ. ಆದರೆ ತಾನು ಇದನ್ನು 1795ರಿಂದಲೇ ಬಳಸುತ್ತಿರುವುದಾಗಿ ಅದರಲ್ಲಿ ಹೇಳಿಕೊಂಡ. ಲೆಜಾಂಡ್ರ್‌ಗೆ ಇದರಿಂದ ಆದ ನೋವು ಕೊನೆಯವರೆಗೂ ಮಾಸಲಿಲ್ಲ.

ದುಃಖದ ವರ್ಷ, ಕಂಸದೊಳಗಿನ ಅಕ್ಷರಗಳು

ಗೌಸ್ 1805ರಲ್ಲಿ ಯೊಹಾನಾ ಓಸ್ಟಾಫ್ ಎಂಬಾಕೆಯನ್ನು ಮದುವೆಯಾದ. 1807ರಲ್ಲಿ ಗಟಿಂಗೆನ್ ವೀಕ್ಷಣಾಲಯದ ನಿರ್ದೇಶಕನ ಹುದ್ದೆ ಸಿಕ್ಕಿತು. ಮಕ್ಕಳಿಗೆ ಹೆಸರಿಡುವಾಗಲೂ ಅವನ ಮನಸ್ಸು ಆಕಾಶದಲ್ಲೇ ಇತ್ತು. ಮೊದಲ ಮಗ ಯೋಸೆಫ್, ಸೀರಿಸ್ ಕಂಡ ಜ್ಯುಸೆಪ್ಪೆ ಪಿಯಾಜ್ಜಿಯ ನೆನಪಿಗೆ. ಮಗಳು ವಿಲ್‌ಹೆಲ್ಮಿನ, ಪಲ್ಲಾಸ್ ಎಂಬ ಎರಡನೆಯ ಕ್ಷುದ್ರಗ್ರಹವನ್ನು ಕಂಡ ವಿಲ್‌ಹೆಲ್ಮ್ ಓಲ್ಬರ್ಸ್ ನೆನಪಿಗೆ. ಮೂರನೆಯ ಕೂಸು ಲುಡ್ವಿಗ್, ಜೂನೊ ಎಂಬ ಮೂರನೆಯ ಕ್ಷುದ್ರಗ್ರಹವನ್ನು ಕಂಡ ಕಾರ್ಲ್ ಲುಡ್ವಿಗ್ ಹಾರ್ಡಿಂಗ್ ನೆನಪಿಗೆ. ಆದರೆ ಆ ಬಾಣಂತನದ ಬೆನ್ನಿಗೇ, 1809ರ ಅಕ್ಟೋಬರಿನಲ್ಲಿ, ಯೊಹಾನಾ ತೀರಿಕೊಂಡಳು. ಕೆಲವೇ ತಿಂಗಳಲ್ಲಿ ಕೂಸೂ ಹೋಯಿತು. ಗೌಸ್ ಆ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲ ಎಂದು ಅವನನ್ನು ಬಲ್ಲವರು ಹೇಳುತ್ತಾರೆ. 1810ರಲ್ಲಿ ಅವನು ಯೊಹಾನಾಳ ಗೆಳತಿ ಮಿನ್ನಾ ವಾಲ್ಡೆಕ್‌ಳನ್ನು ಮದುವೆಯಾದ. ಈ ಮದುವೆಯಿಂದ ಮೂವರು ಮಕ್ಕಳಾದರು. ಅವರಲ್ಲಿ ಇಬ್ಬರು ಗಂಡುಮಕ್ಕಳು ಮುಂದೆ ಅಮೆರಿಕಕ್ಕೆ ಹೋಗಿ ನೆಲೆಸಿದರು.

ಅದೇ 1810ರಲ್ಲಿ ಅವನು ಮುಗಿಸಿದ ಕೆಲಸ ಪಲ್ಲಾಸ್ ಕಕ್ಷೆಯ ಕುರಿತಾದದ್ದು. ಪಲ್ಲಾಸ್ ದಾರಿಯನ್ನು ಗುರುಗ್ರಹದ ಸೆಳೆತ ಅತ್ತಿತ್ತ ಎಳೆಯುತ್ತದೆ. ಹಲವು ವರ್ಷಗಳ ವೀಕ್ಷಣೆಗಳಿಗೆ ಒಗ್ಗುವಂತೆ ಕಕ್ಷೆಯ ಆರು ಸಂಖ್ಯೆಗಳಿಗೆ ಆರು ತಿದ್ದುಪಡಿಗಳನ್ನು ಒಟ್ಟಿಗೇ ಕಂಡುಹಿಡಿಯಬೇಕಿತ್ತು. ಕಂಪ್ಯೂಟರ್ ಇಲ್ಲ, ಕಾಗದ ಮತ್ತು ಲಾಗರಿದಮ್ ಕೋಷ್ಟಕಗಳಷ್ಟೇ ಇವೆ. ಆರು ಅಜ್ಞಾತಗಳ ಸಮೀಕರಣಗಳನ್ನು ಒಂದೊಂದಾಗಿ ಕಳೆಯುತ್ತ ಹೋದರೆ ಪುಟಗಟ್ಟಲೆ ಸಂಖ್ಯೆಗಳು ಹುಟ್ಟುತ್ತವೆ. ನಡುವೆ ಒಂದು ಸಂಖ್ಯೆ ಜಾಗ ತಪ್ಪಿದರೆ ಕೆಳಗಿನದೆಲ್ಲ ವ್ಯರ್ಥ.

ಗೌಸ್ ಇದಕ್ಕಾಗಿ ಒಂದು ಬರವಣಿಗೆಯ ಕ್ರಮ ಮಾಡಿಕೊಂಡ. ಮೊದಲ ಅಜ್ಞಾತದ ಜೊತೆ ಬರುವ ಸಂಖ್ಯೆಗಳಿಗೆಲ್ಲ 'ಎ', ಎರಡನೆಯದರ ಜೊತೆಯವಕ್ಕೆ 'ಬಿ', ಮೂರನೆಯದಕ್ಕೆ 'ಸಿ'. ಎ ಸಾಲನ್ನೂ ಬಿ ಸಾಲನ್ನೂ ಗುಣಿಸಿ ಕೂಡಿದ ಮೊತ್ತಕ್ಕೆ ಚೌಕ ಕಂಸದೊಳಗೆ [ಎಬಿ]. ಮೊದಲ ಅಜ್ಞಾತವನ್ನು ಕಳೆದ ಮೇಲೆ ಉಳಿಯುವ ಮೊತ್ತಕ್ಕೆ [ಬಿಬಿ,1]. ಇನ್ನೊಂದನ್ನು ಕಳೆದ ಮೇಲೆ [ಸಿಸಿ,2]. ಪುಟದ ಯಾವ ಮೂಲೆಯಲ್ಲಿರುವ ಸಂಖ್ಯೆಯನ್ನು ಎತ್ತಿಕೊಂಡರೂ ಅದು ಯಾವ ಎರಡು ಅಜ್ಞಾತಗಳಿಗೆ ಸೇರಿದ್ದು, ಲೆಕ್ಕದ ಎಷ್ಟನೆಯ ಹಂತದ್ದು ಎನ್ನುವುದು ಅದರ ಮೈಮೇಲೇ ಬರೆದಿರುತ್ತದೆ. ಇಂದಿನ ಮಷೀನ್ ಲರ್ನಿಂಗ್ ಭಾಷೆಯಲ್ಲಿ ಹೇಳುವುದಾದರೆ ಎ, ಬಿ, ಸಿ ಎಂದರೆ ಲಕ್ಷಣಗಳ ಕಾಲಂಗಳು. ಹುಡುಕುತ್ತಿರುವ ಅಜ್ಞಾತಗಳೇ ಗುಣಾಂಕಗಳು. ಭೂಮಾಪಕರು ಈ ಕ್ರಮವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಳಸಿದರು.

ಎಂಜಿನಿಯರಿಂಗ್ ಓದಿದವರಿಗೆ 'ಗೌಸ್ ಎಲಿಮಿನೇಷನ್' ಗೊತ್ತಿರುತ್ತದೆ. ಅಜ್ಞಾತಗಳನ್ನು ಒಂದೊಂದಾಗಿ ಕಳೆಯುವ ಆ ಉಪಾಯ ಮಾತ್ರ ಗೌಸ್ ಕಂಡುಹಿಡಿದದ್ದಲ್ಲ. ಪ್ರಾಚೀನ ಚೀನಾದ ಗಣಿತ ಗ್ರಂಥದಲ್ಲೇ ಅದು ಇದೆ, ನ್ಯೂಟನ್ ಕೂಡ ಬರೆದಿದ್ದಾನೆ. ಗೌಸ್ ಕೊಡುಗೆ ಅದನ್ನು ಕನಿಷ್ಠ ವರ್ಗ ವಿಧಾನಕ್ಕೆ ಅಳವಡಿಸಿ, ಗುರುತು ತಪ್ಪದಂತೆ ಬರೆಯುವ ದಾರಿ ತೋರಿಸಿದ್ದು.

1820ರ ದಶಕದಲ್ಲಿ ಹ್ಯಾನೋವರ್ ರಾಜ್ಯದ ಭೂಮಾಪನದ ಹೊಣೆ ಅವನ ಮೇಲೆ ಬಿತ್ತು. ಬೇಸಿಗೆಗಳಲ್ಲಿ ಬೆಟ್ಟ ಹತ್ತಿ ಇಳಿದು, ಸೂರ್ಯನ ಬೆಳಕನ್ನು ಕನ್ನಡಿಯಿಂದ ದೂರದ ಶಿಖರಕ್ಕೆ ಹಾಯಿಸುವ 'ಹೀಲಿಯೊಟ್ರೋಪ್' ಎಂಬ ತನ್ನದೇ ಉಪಕರಣದಿಂದ ಕೋನಗಳನ್ನು ಅಳೆದ. ಆ ಕೋನಗಳ ರಾಶಿಯನ್ನು ಸರಿದೂಗಿಸಲೂ ಬಳಸಿದ್ದು ಇದೇ ಕನಿಷ್ಠ ವರ್ಗ ವಿಧಾನ.

ಭೂಮಿಯ ಅಯಸ್ಕಾಂತ: ಎರಡು ಸೂಚ್ಯಂಕಗಳ ವಿಳಾಸ

1831ರಲ್ಲಿ ವಿಲ್‌ಹೆಲ್ಮ್ ವೇಬರ್ ಎಂಬ ಯುವ ಭೌತವಿಜ್ಞಾನಿ ಗಟಿಂಗೆನ್‌ಗೆ ಬಂದ. ಅದೇ ವರ್ಷ ಗೌಸ್‌ನ ಎರಡನೆಯ ಹೆಂಡತಿ ಮಿನ್ನಾ ತೀರಿಕೊಂಡಿದ್ದಳು. ವೇಬರ್ ಜೊತೆಗಿನ ಕೆಲಸ ಗೌಸ್‌ಗೆ ಹೊಸ ಜೀವ ಕೊಟ್ಟಿತು. 1833ರಲ್ಲಿ ಇಬ್ಬರೂ ಸೇರಿ ಊರಿನ ಮನೆಗಳ ಮೇಲೆ ಸುಮಾರು ಒಂದು ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಟೆಲಿಗ್ರಾಫ್ ನಡೆಸಿದರು. ಸೂಜಿ ಎಡಕ್ಕೋ ಬಲಕ್ಕೋ ವಾಲುತ್ತಿತ್ತು, ಅಷ್ಟೇ. ಯಾವ ವಾಲಾಟದ ಸರಣಿ ಯಾವ ಅಕ್ಷರ ಎಂಬ ಪಟ್ಟಿ ಎರಡೂ ತುದಿಯಲ್ಲಿ ಒಂದೇ ಆಗಿದ್ದರಿಂದ ಮಾತ್ರ ಅದು ಸಂದೇಶವಾಗುತ್ತಿತ್ತು.

ಇಬ್ಬರೂ ಭೂಮಿಯ ಕಾಂತಕ್ಷೇತ್ರವನ್ನು ಅಳೆಯತೊಡಗಿದರು. 1839ರಲ್ಲಿ ಗೌಸ್ ಇದರ ಸಿದ್ಧಾಂತವನ್ನು ಪ್ರಕಟಿಸಿದ. ಏಳು ಅಕ್ಷಾಂಶ ವೃತ್ತಗಳ ಮೇಲೆ ಹನ್ನೆರಡರಂತೆ 84 ಜಾಗಗಳ ಬೆಲೆಗಳನ್ನು ತೆಗೆದುಕೊಂಡು, ಇಡೀ ಭೂಮಿಯ ಕಾಂತಕ್ಷೇತ್ರವನ್ನು 24 ಗುಣಾಂಕಗಳಲ್ಲಿ ಹಿಡಿದಿಟ್ಟ. ಕಾಂತಕ್ಷೇತ್ರದ ಮೂಲ ಭೂಮಿಯ ಒಳಗೇ ಇದೆ ಎನ್ನುವುದು ಇದರಿಂದ ಸ್ಪಷ್ಟವಾಯಿತು.

ಈ ಗುಣಾಂಕಗಳಿಗೆ ಇಂದಿಗೂ 'ಗೌಸ್ ಗುಣಾಂಕಗಳು' ಎಂದೇ ಹೆಸರು. ಅವುಗಳನ್ನು ಒಂದು, ಎರಡು, ಮೂರು ಎಂದು ಸುಮ್ಮನೆ ಎಣಿಸುವುದಿಲ್ಲ. 'ಜಿ' ಅಥವಾ 'ಎಚ್' ಎಂಬ ಅಕ್ಷರ, ಅದರ ಜೊತೆ ಎರಡು ಸೂಚ್ಯಂಕಗಳು. ಮೊದಲ ಮೂರನ್ನೇ ನೋಡೋಣ. ಜಿ(1,0) ಭೂಮಿ ಸುತ್ತುವ ಅಕ್ಷದ ದಿಕ್ಕಿನ ಪಾಲು. ಜಿ(1,1) ಗ್ರೀನಿಚ್ ರೇಖಾಂಶದ ಕಡೆಗಿನ ಪಾಲು. ಎಚ್(1,1) ಅಲ್ಲಿಂದ 90 ಡಿಗ್ರಿ ಪೂರ್ವದ ಕಡೆಗಿನ ಪಾಲು. 2020ರ ಮಾದರಿಯಲ್ಲಿ ಇವುಗಳ ಬೆಲೆ ಸುಮಾರು −29,405, −1,451 ಮತ್ತು 4,653 ನ್ಯಾನೊಟೆಸ್ಲಾ.

ಈ ಮೂರರಿಂದ ಭೂಮಿಯೊಳಗಿನ ದೊಡ್ಡ ಅಯಸ್ಕಾಂತದ ಅಕ್ಷ ಉತ್ತರದಲ್ಲಿ ಎಲ್ಲಿ ಹೊರಬರುತ್ತದೆ ಎಂದು ಲೆಕ್ಕ ಹಾಕಬಹುದು. ಸುಮಾರು 80.6 ಡಿಗ್ರಿ ಉತ್ತರ ಅಕ್ಷಾಂಶ, 72.7 ಡಿಗ್ರಿ ಪಶ್ಚಿಮ ರೇಖಾಂಶ. ಅಂದರೆ ಕೆನಡಾದ ಉತ್ತರ ತುದಿಯ ದ್ವೀಪವೊಂದರಲ್ಲಿ. ಈಗ ಕೊನೆಯ ಎರಡು ಸಂಖ್ಯೆಗಳನ್ನು ಅದಲುಬದಲು ಮಾಡೋಣ. ಅಂಕಿಗಳು ಅವೇ, ಅಕ್ಷಾಂಶವೂ ಅದೇ 80.6. ರೇಖಾಂಶ ಮಾತ್ರ 162.7 ಡಿಗ್ರಿ ಪೂರ್ವಕ್ಕೆ ಹೋಗಿಬಿಡುತ್ತದೆ. ಧ್ರುವ ಕೆನಡಾದಿಂದ ಎದ್ದು ಸೈಬೀರಿಯಾದ ಉತ್ತರದ ಸಮುದ್ರದಲ್ಲಿ ಬಂದು ಕೂರುತ್ತದೆ! ಒಂದೇ ಒಂದು ಅಂಕಿ ತಪ್ಪಿಲ್ಲ, ತಪ್ಪಿದ್ದು ವಿಳಾಸ.

ನಮ್ಮ ಮೊಬೈಲಿನ ದಿಕ್ಸೂಚಿ ನಿಜವಾದ ಉತ್ತರವನ್ನು ತೋರಿಸಲು ಬಳಸುವ ಜಾಗತಿಕ ಕಾಂತ ಮಾದರಿಯಲ್ಲಿ ಇಂಥ 168 ಗುಣಾಂಕಗಳಿವೆ. ಆ ಕಡತದ ಪ್ರತಿ ಸಾಲೂ ಎರಡು ಸೂಚ್ಯಂಕಗಳಿಂದಲೇ ಶುರುವಾಗುತ್ತದೆ, ಆಮೇಲೆ ಬೆಲೆ. ಸಾಲುಗಳು ಹಿಂದುಮುಂದಾದರೂ ಯಾವುದು ಯಾರದ್ದು ಎಂಬ ಗೊಂದಲವಿಲ್ಲ. ಈ ವಿಳಾಸಗಳು ಗೌಸ್ ಕಾಲದಿಂದ ಬದಲಾಗದೇ ಇರುವುದರಿಂದಲೇ 1840ರ ಸುಮಾರಿನ ಬೆಲೆಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು, ಭೂಮಿಯ ಈ ಮುಖ್ಯ ಅಯಸ್ಕಾಂತದ ಬಲ ಸುಮಾರು ಶೇ 9ರಷ್ಟು ಕುಗ್ಗಿದೆ ಎಂದು ಹೇಳಲು ಸಾಧ್ಯವಾಗಿದೆ.

ಇಂದಿನ ಪ್ರೋಗ್ರಾಂಗಳಲ್ಲಿ ವಿಳಾಸ ತಪ್ಪುವುದು ಹೇಗೆ?

ಈಗ ಮತ್ತೆ ಕಂಪ್ಯೂಟರ್ ಪರದೆಗೆ ಬರೋಣ. ರಕ್ತದೊತ್ತಡವನ್ನು ಅಂದಾಜಿಸುವ ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ನಮ್ಮ ಕೋಷ್ಟಕದಲ್ಲಿ ಐದು ಕಾಲಂಗಳಿವೆ: ವಯಸ್ಸು, ವಾಸದ ಜಾಗ, ತೂಕ, ದಿನಕ್ಕೆ ತಿನ್ನುವ ಉಪ್ಪು, ನಡಿಗೆಯ ನಿಮಿಷ. ವಾಸದ ಜಾಗ ಎನ್ನುವುದು ಸಂಖ್ಯೆಯಲ್ಲ. ಹಳ್ಳಿ, ಪಟ್ಟಣ, ನಗರ ಎಂಬ ಮೂರು ಪದಗಳಲ್ಲಿ ಒಂದು. ಅದನ್ನು ಲೆಕ್ಕಕ್ಕೆ ಒಗ್ಗಿಸಲು ಪ್ರೋಗ್ರಾಂ ಆ ಒಂದು ಕಾಲಂ ತೆಗೆದು ಮೂರು ಕಾಲಂ ಮಾಡುತ್ತದೆ, ಪ್ರತಿಯೊಂದರಲ್ಲೂ 'ಹೌದು' ಎಂಬುದಕ್ಕೆ 1, 'ಅಲ್ಲ' ಎಂಬುದಕ್ಕೆ 0.

ಬಹಳ ಬಳಕೆಯಲ್ಲಿರುವ ಸೈಕಿಟ್-ಲರ್ನ್ ತಂತ್ರಾಂಶ ಈ ಪದಗಳನ್ನು ಅಕಾರಾದಿಯಲ್ಲಿ ಜೋಡಿಸುತ್ತದೆ: ನಗರ, ಪಟ್ಟಣ, ಹಳ್ಳಿ. ಕಾಲಂಗಳನ್ನು ಹೀಗೆ ಬದಲಿಸುವ ಅದರ ಸಾಧನ, ಬದಲಾದ ಕಾಲಂಗಳನ್ನು ಮೊದಲಿಟ್ಟು, ಮುಟ್ಟದೇ ಬಿಟ್ಟವನ್ನು ಕೊನೆಗೆ ಸೇರಿಸುತ್ತದೆ. ಹಾಗೆ ಸೇರಿಸು ಎಂದು ನಾವು ಹೇಳದಿದ್ದರೆ ಅವುಗಳನ್ನು ಕೈಬಿಟ್ಟೇ ಬಿಡುತ್ತದೆ. ಹೀಗೆ ಹೊಸ ಕ್ರಮ ನಗರ, ಪಟ್ಟಣ, ಹಳ್ಳಿ, ವಯಸ್ಸು, ತೂಕ, ಉಪ್ಪು, ನಡಿಗೆ ಎಂದಾಗುತ್ತದೆ. ಐದು ಕಾಲಂ ಕೊಟ್ಟೆವು, ಏಳು ಗುಣಾಂಕ ಬಂತು. ಎಣಿಕೆ ಶುರುವಾಗುವುದೂ ಒಂದರಿಂದಲ್ಲ, ಸೊನ್ನೆಯಿಂದ. ಸೊನ್ನೆಯ ಜಾಗದಲ್ಲಿರುವ ಗುಣಾಂಕವನ್ನು ಮೂಲ ಕೋಷ್ಟಕ ನೋಡಿ ವಯಸ್ಸಿನದೆಂದು ಓದಿದರೆ, ನಾವು ಓದುತ್ತಿರುವುದು ನಗರದ ಗುಣಾಂಕವನ್ನು.

ಉಪಯೋಗವಿಲ್ಲದ ಕಾಲಂಗಳನ್ನು ಪ್ರೋಗ್ರಾಂ ತಾನೇ ಆರಿಸಿ ತೆಗೆದುಹಾಕಿದಾಗಲೂ ಹೀಗೇ ಆಗುತ್ತದೆ. ನಡುವಿನ ಒಂದು ಹೋದರೆ ಅದರ ನಂತರದ್ದೆಲ್ಲ ಒಂದೊಂದು ಸ್ಥಾನ ಹಿಂದೆ ಸರಿಯುತ್ತವೆ.

ಈ ತಪ್ಪಿನ ಅಪಾಯ ಇರುವುದು ಅದರ ಮೌನದಲ್ಲಿ. ಹೆಸರುಗಳನ್ನು ನಾವು ತಪ್ಪಾಗಿ ಹೊಂದಿಸಿದರೂ ಪ್ರೋಗ್ರಾಂ ಒಳಗಿನ ಲೆಕ್ಕ ಸರಿಯಾಗಿಯೇ ನಡೆಯುತ್ತಿರುತ್ತದೆ. ಅಂದಾಜುಗಳು ಸರಿ ಬರುತ್ತವೆ, ನಿಖರತೆಯ ಅಂಕ ಚೆನ್ನಾಗಿರುತ್ತದೆ, ಎಚ್ಚರಿಕೆಯ ಸಂದೇಶ ಬರುವುದಿಲ್ಲ. ಕೆಡುವುದು ನಾವು ಕೊಡುವ ವಿವರಣೆ ಮಾತ್ರ. ನಡಿಗೆಯಿಂದ ರಕ್ತದೊತ್ತಡ ಏರುತ್ತದೆ ಎಂಬ ಉತ್ತರ ಬಂದರೆ ಯಾರಾದರೂ ಅನುಮಾನಿಸಬಹುದು. ಆದರೆ ವಯಸ್ಸಿನದು, ತೂಕದ್ದು ಅದಲುಬದಲಾದರೆ? ಸೀರಿಸ್‌ನ ಎರಡು ಕೋನಗಳ ಹಾಗೆ, ಎರಡೂ ನಂಬುವಂತೆಯೇ ಕಾಣುತ್ತವೆ. ಅದನ್ನು ನೆಚ್ಚಿಕೊಂಡು ತೂಕ ಇಳಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ ಎಂದು ಯಾರಿಗಾದರೂ ಸಲಹೆ ಕೊಟ್ಟರೆ ನಷ್ಟ ಅವರ ಆರೋಗ್ಯಕ್ಕೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಗುಣಾಂಕಗಳನ್ನು ಹೆಸರಿಲ್ಲದೆ ಎಲ್ಲಿಯೂ ಬರೆದಿಡಬಾರದು. ಹೆಸರುಗಳ ಪಟ್ಟಿಯನ್ನು ಮೂಲ ಕೋಷ್ಟಕದಿಂದ ತೆಗೆದುಕೊಳ್ಳದೆ, ಎಲ್ಲ ಬದಲಾವಣೆಗಳೂ ಮುಗಿದು ಮಾದರಿಯ ಕೈಗೆ ಹೋದ ಕೊನೆಯ ಕಾಲಂಗಳಿಂದಲೇ ಪಡೆಯಬೇಕು. ಅದನ್ನು ಕೊಡುವ ಸೌಲಭ್ಯ ಸೈಕಿಟ್-ಲರ್ನ್‌ನಲ್ಲೇ ಇದೆ. ಆರ್ ಭಾಷೆಯ ರಿಗ್ರೆಷನ್ ಸಾಮಾನ್ಯವಾಗಿ ಹೆಸರಿನ ಜೊತೆಯಲ್ಲೇ ಗುಣಾಂಕ ತೋರಿಸುತ್ತದೆ. ಹೆಸರುಗಳ ಸಂಖ್ಯೆಯೂ ಗುಣಾಂಕಗಳ ಸಂಖ್ಯೆಯೂ ಒಂದೇ ಇದೆಯೇ ಎಂದು ಎಣಿಸಬೇಕು. ಲಕ್ಷಣಗಳೆಲ್ಲ ಸೊನ್ನೆಯಾದಾಗ ಬರುವ ಸ್ಥಿರಾಂಕ ಕೆಲವು ತಂತ್ರಾಂಶಗಳಲ್ಲಿ ಸಾಲಿನ ಮೊದಲಲ್ಲಿರುತ್ತದೆ, ಕೆಲವದರಲ್ಲಿ ಬೇರೆಯೇ ಇರುತ್ತದೆ ಎಂಬುದು ನೆನಪಿರಲಿ.

ಇನ್ನೂ ಅನುಮಾನವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಯಾವುದಾದರೂ ಒಬ್ಬ ವ್ಯಕ್ತಿಯ ಸಾಲನ್ನು ತೆಗೆದುಕೊಂಡು ತೂಕವನ್ನು ಮಾತ್ರ 1 ಕೆಜಿ ಹೆಚ್ಚಿಸಿ ಮತ್ತೆ ಅಂದಾಜು ಮಾಡಿಸಿ. ಸರಳ ರೇಖೀಯ ರಿಗ್ರೆಷನ್‌ನಲ್ಲಿ, ಲಕ್ಷಣಗಳ ಅಳತೆಯನ್ನು ಮೊದಲೇ ಬದಲಿಸಿಲ್ಲದಿದ್ದರೆ, ಎರಡು ಅಂದಾಜುಗಳ ವ್ಯತ್ಯಾಸ ತೂಕದ ಗುಣಾಂಕಕ್ಕೆ ಸರಿಯಾಗಿ ಸಮನಾಗಿರಬೇಕು. ಆಗದಿದ್ದರೆ ವಿಳಾಸ ತಪ್ಪಿದೆ ಎಂದೇ ಅರ್ಥ.

ವಿಳಾಸ ಸರಿಯಾದ ಮೇಲೂ ಒಂದು ತಪ್ಪು ನಂಬಿಕೆಯಿಂದ ದೂರವಿರಬೇಕು. ಅತಿ ದೊಡ್ಡ ಗುಣಾಂಕವೇ ಅತಿ ಮುಖ್ಯ ಕಾರಣ ಎಂದು ಹಲವರು ತಿಳಿಯುತ್ತಾರೆ. ಉಪ್ಪನ್ನು ಗ್ರಾಂ ಬದಲು ಮಿಲಿಗ್ರಾಂನಲ್ಲಿ ಬರೆದರೆ ಅದರ ಗುಣಾಂಕ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ; ಉಪ್ಪಿನ ಪರಿಣಾಮ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ. ಜೊತೆಗೆ, ಗುಣಾಂಕ ಹೇಳುವುದು ಎರಡರ ನಡುವಿನ ನಂಟನ್ನು. ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲು ಬೇರೆ ಪುರಾವೆಗಳು ಬೇಕು.

ಹಣೆಪಟ್ಟಿ ಬದಲಾದ ಎರಡು ಜಾಡಿಗಳು

ಗೌಸ್ 1855ರ ಫೆಬ್ರವರಿ 23ರಂದು, ತಾನು ದಶಕಗಳ ಕಾಲ ಕೆಲಸ ಮಾಡಿದ ಗಟಿಂಗೆನ್‌ನಲ್ಲಿ, 77ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಹಾಪ್ರತಿಭೆಯ ಗುಟ್ಟು ಮಿದುಳಿನ ಮಡಿಕೆಗಳಲ್ಲಿ ಕಾಣಬಹುದು ಎಂಬ ನಂಬಿಕೆ ಆ ಕಾಲದಲ್ಲಿತ್ತು. ರುಡಾಲ್ಫ್ ವಾಗ್ನರ್ ಎಂಬ ವಿಜ್ಞಾನಿ ಗೌಸ್ ಮಿದುಳನ್ನು ಪರೀಕ್ಷಿಸಿ, ಅದರ ಚಿತ್ರ ಬಿಡಿಸಿ ಪ್ರಕಟಿಸಿದ. ಮಿದುಳನ್ನು ಗಾಜಿನ ಜಾಡಿಯಲ್ಲಿ ಕಾಪಿಟ್ಟರು. ಅದೇ ವರ್ಷ ತೀರಿಕೊಂಡ ಗಟಿಂಗೆನ್ ವೈದ್ಯ ಕಾನ್ರಾಡ್ ಹೈನ್‌ರಿಖ್ ಫುಕ್ಸ್‌ನ ಮಿದುಳೂ ಅದೇ ಸಂಗ್ರಹದಲ್ಲಿತ್ತು.

ಆಮೇಲೆ ಆದದ್ದು ಗೊತ್ತಾದದ್ದು 2013ರಲ್ಲಿ. ಗಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಗೌಸ್ ಮಿದುಳಿನದೆಂದು ತೆಗೆದಿದ್ದ ಎಂಆರ್‌ಐ ಚಿತ್ರಗಳಲ್ಲಿ ಅಪರೂಪದ ಸೀಳೊಂದನ್ನು ಗಮನಿಸಿದರು. ವಾಗ್ನರ್ ಬಿಡಿಸಿದ ಗೌಸ್ ಮಿದುಳಿನ ಚಿತ್ರದಲ್ಲಿ ಆ ಸೀಳು ಇರಲಿಲ್ಲ. ಫುಕ್ಸ್ ಮಿದುಳಿನ ಚಿತ್ರದಲ್ಲಿ ಇತ್ತು. ಎರಡು ಜಾಡಿಗಳ ಹಣೆಪಟ್ಟಿ ಯಾವಾಗಲೋ ಅದಲುಬದಲಾಗಿತ್ತು. ಮಹಾಗಣಿತಜ್ಞನದೆಂದು ಅಷ್ಟು ಕಾಲ ಅಧ್ಯಯನ ಮಾಡಿದ್ದು ಆ ವೈದ್ಯನ ಮಿದುಳನ್ನು.

ಜಾಡಿಗಳ ಒಳಗಿನ ಮಿದುಳುಗಳಿಗೆ ಏನೂ ಆಗಿರಲಿಲ್ಲ, ಎಂಆರ್‌ಐ ಯಂತ್ರವೂ ತಪ್ಪು ಮಾಡಿರಲಿಲ್ಲ. 150 ವರ್ಷಗಳ ಹಿಂದೆ ಒಬ್ಬಾತ ಪ್ರತಿ ಚಿತ್ರದ ಜೊತೆ ಅದು ಯಾರದೆಂದು ಸ್ಪಷ್ಟವಾಗಿ ಬರೆದಿಟ್ಟಿದ್ದ. ಅದರಿಂದಲೇ ತಪ್ಪು ಬೆಳಕಿಗೆ ಬಂತು, ಹಣೆಪಟ್ಟಿಗಳು ಮತ್ತೆ ತಮ್ಮ ತಮ್ಮ ಜಾಡಿಗೆ ಸೇರಿದವು.